ಜಂಟಿ ಖಾತೆಯ ಹಣದ ಮೇಲೆ ಯಾರಿಗೆ ಹಕ್ಕು? ಸಿಯಾಲ್ದಾದ ಬಾಕಿ, ಕುಂದಾಪುರದ ಪಾಸ್‌ಬುಕ್

ನಮ್ಮ ಸದಸ್ಯರ ಪೈಕಿ ಹೆಚ್ಚಿನವರಿಗೆ ಊರಿನ ಬ್ಯಾಂಕಿನಲ್ಲಿ ಒಂದು ಜಂಟಿ ಖಾತೆ ಇದ್ದೇ ಇರುತ್ತದೆ. ಹೋಟೆಲ್ ಬೆಂಗಳೂರಿನಲ್ಲಿರಲಿ, ಮುಂಬಯಿಯಲ್ಲಿರಲಿ, ಕೋಲ್ಕತ್ತದಲ್ಲಿರಲಿ, ಊರಿನಲ್ಲಿ ತಾಯಿಯ ಹೆಸರಿನ ಜೊತೆಗೆ ಮಗನ ಹೆಸರು ಅಥವಾ ಹೆಂಡತಿಯ ಹೆಸರಿನ ಜೊತೆಗೆ ಗಂಡನ ಹೆಸರು ಸೇರಿರುತ್ತದೆ. 'ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಬದುಕುಳಿದವರು' ಎಂದು ಫಾರಂನಲ್ಲಿ ಗುರುತು ಹಾಕಿ ಸಹಿ ಮಾಡಿರುತ್ತೇವೆ. ವ್ಯಾಪಾರ ನೆಟ್ಟಗೆ ನಡೆಯುವಷ್ಟು ದಿನ ಆ ಹಣ ಯಾರದು ಎಂದು ಯಾರೂ ಕೇಳುವುದಿಲ್ಲ.

ಪ್ರಶ್ನೆ ಏಳುವುದು ಬಾಕಿ ಬೆಳೆದಾಗ. ತರಕಾರಿ ಮಂಡಿಯವರು ಕೋರ್ಟಿಗೆ ಹೋಗುತ್ತಾರೆ, ತೆರಿಗೆ ಇಲಾಖೆ ನೋಟಿಸ್ ಕಳಿಸುತ್ತದೆ, ಬ್ಯಾಂಕು ತಾನೇ ಸಾಲಕ್ಕೆ ಹಣ ಹಿಡಿದುಕೊಳ್ಳುತ್ತದೆ. 'ಖಾತೆಯಲ್ಲಿ ಅಮ್ಮನ ಹೆಸರೂ ಇದೆಯಲ್ಲ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ' ಎಂದು ಧೈರ್ಯದಿಂದ ಇರುವವರಿದ್ದಾರೆ. 'ಮಗನ ಹೆಸರಿದೆ, ಎಲ್ಲವೂ ಹೋಯಿತು' ಎಂದು ಹೆದರುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಬಾಗಿಲಿಗೆ ಬಂದವರು ಯಾರು, ಯಾವ ಕಾಗದ ಹಿಡಿದು ಬಂದಿದ್ದಾರೆ, ಖಾತೆಗೆ ಹಣ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಕೈಯಲ್ಲಿ ಏನು ದಾಖಲೆ ಇದೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

ತಿಳಿಯಲು ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದರಲ್ಲಿನ ಕುಟುಂಬ ಕಲ್ಪಿತ, ಕಾನೂನು ಕಲ್ಪಿತವಲ್ಲ.

ಕೋಲ್ಕತ್ತದ ಸಿಯಾಲ್ದಾ ಸ್ಟೇಷನ್ನಿನ ಹತ್ತಿರ ನಮ್ಮವರೊಬ್ಬರು ಇಡ್ಲಿ-ದೋಸೆಯ ಹೋಟೆಲ್ ನಡೆಸುತ್ತಾರೆ ಎಂದುಕೊಳ್ಳಿ. ಸಿಯಾಲ್ದಾ ಕಂಡವರಿಗೆ ಗೊತ್ತು, ಲೋಕಲ್ ರೈಲಿನಿಂದ ಇಳಿಯುವ ಜನಕ್ಕೆ ಲೆಕ್ಕವಿಲ್ಲ. 2022ರ ಜುಲೈನಿಂದ ಮೆಟ್ರೋ ಕೂಡ ಬಂದಿದೆ. ಪಕ್ಕದಲ್ಲೇ ತರಕಾರಿಯ ದೊಡ್ಡ ಸಗಟು ಪೇಟೆಯಾದ ಕೋಲೆ ಮಾರ್ಕೆಟ್, ಸ್ವಲ್ಪ ಆಚೆಗೆ ಬೈಠಕ್‌ಖಾನಾ ಬಜಾರ್. ಸಿಯಾಲ್ದಾದ ಕೋರ್ಟು ಕೂಡ ಅದೇ ಆವರಣದ ಹತ್ತಿರ. ಸಾಮಾನು ಕೊಳ್ಳಲು, ಗಿರಾಕಿ ಸಿಗಲು, ದಾವೆ ಹೂಡಲು ಯಾರೂ ದೂರ ಹೋಗಬೇಕಾಗಿಲ್ಲ!

ಈ ಮಾಲೀಕರು ಕೋಲೆ ಮಾರ್ಕೆಟ್ಟಿನ ವ್ಯಾಪಾರಿಯೊಬ್ಬರಿಗೆ ತೆಂಗಿನಕಾಯಿ, ಈರುಳ್ಳಿ, ಆಲೂಗಡ್ಡೆಯ ಬಾಬ್ತು 4,80,000 ರೂಪಾಯಿ ಕೊಡಬೇಕು. ಅವರ ಹಣ ನಾಲ್ಕು ಕಡೆ ಇದೆ. ಸಿಯಾಲ್ದಾದಲ್ಲಿ ಹೋಟೆಲಿನ ಹೆಸರಿನ ಕರೆಂಟ್ ಅಕೌಂಟ್. ಕುಂದಾಪುರದಲ್ಲಿ ನಿವೃತ್ತ ಶಿಕ್ಷಕಿಯಾದ ತಾಯಿಯ ಜೊತೆ ಜಂಟಿ ಉಳಿತಾಯ ಖಾತೆ, ಅದರಲ್ಲಿ 6,40,000. ಹೆಂಡತಿಯ ಜೊತೆ 3 ಲಕ್ಷದ ಜಂಟಿ ಎಫ್‌ಡಿ. ಇದಲ್ಲದೆ ಬೆಂಗಳೂರಿನಲ್ಲಿ ಭಾವನೊಂದಿಗೆ ಪಾಲುದಾರಿಕೆಯ ಒಂದು ದರ್ಶಿನಿ, ಅದಕ್ಕೊಂದು ಖಾತೆ.

ಮೊದಲನೆಯದರಲ್ಲಿ ಚರ್ಚೆಗೆ ಜಾಗವಿಲ್ಲ. ಒಬ್ಬರೇ ಮಾಲೀಕರಾಗಿರುವ ಹೋಟೆಲಿನ ಬೋರ್ಡಿನ ಹೆಸರು ಕಾನೂನಿನ ಕಣ್ಣಿನಲ್ಲಿ ಬೇರೆ ವ್ಯಕ್ತಿಯಲ್ಲ. ಆ ಖಾತೆಯ ಹಣ ಮಾಲೀಕರದೇ. ಆದರೆ ಅದು ಕ್ಯಾಶ್ ಕ್ರೆಡಿಟ್ ಖಾತೆಯಾಗಿದ್ದರೆ ಮಾತು ಬೇರೆ. ಹತ್ತು ಲಕ್ಷದ ಮಿತಿಯಲ್ಲಿ ಆರು ಲಕ್ಷ ತೆಗೆದಿದ್ದರೆ ಉಳಿದ ನಾಲ್ಕು ಲಕ್ಷ ಮಾಲೀಕರ ಹಣವಲ್ಲ, ಬ್ಯಾಂಕು ಇನ್ನೂ ಕೊಡದಿರುವ ಸಾಲ. ಅದನ್ನು ಮಾಲೀಕರಿಗೆ ಬ್ಯಾಂಕು ಕೊಡಬೇಕಾದ ಬಾಕಿ ಎಂದು ಹಿಡಿಯುವಂತಿಲ್ಲವೆಂದು ಮದ್ರಾಸ್ ಹೈಕೋರ್ಟು 1958ರಲ್ಲೇ ಒಂದು ಆದಾಯ ತೆರಿಗೆ ಪ್ರಕರಣದಲ್ಲಿ ಹೇಳಿದೆ.

ಕೋರ್ಟಿನ ದಾರಿ

ನಾವು ಖಾತೆಗೆ ಹಾಕಿದ ಹಣ ಬ್ಯಾಂಕಿನ ತಿಜೋರಿಯಲ್ಲಿ ನಮ್ಮ ಹೆಸರಿನ ಗಂಟಾಗಿ ಕೂತಿರುವುದಿಲ್ಲ. ಅದು ಬ್ಯಾಂಕು ನಮಗೆ ಕೊಡಬೇಕಾದ ಸಾಲ. ಕೋಲೆ ಮಾರ್ಕೆಟ್ಟಿನ ವ್ಯಾಪಾರಿಗೆ ಮಾಲೀಕರು ಬಾಕಿ, ಮಾಲೀಕರಿಗೆ ಬ್ಯಾಂಕು ಬಾಕಿ. ಹಾಗಿದ್ದರೆ ಬ್ಯಾಂಕೇ ನೇರವಾಗಿ ವ್ಯಾಪಾರಿಗೆ ಕೊಡಲಿ ಎಂದು ಕೋರ್ಟು ಹೇಳುವುದನ್ನು ಗಾರ್ನಿಶೀ ಆದೇಶ ಎನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿ ಆದಾಗ 21ನೇ ಆದೇಶದಲ್ಲಿ 46ಎ ಯಿಂದ 46ಐ ವರೆಗಿನ ನಿಯಮಗಳು ಇದಕ್ಕಾಗಿ ಸೇರಿದವು.

ಇದಕ್ಕೆ ಮೊದಲು ಡಿಕ್ರಿ ಆಗಿರಬೇಕು. ಮಾರಿದ ಸರಕಿನ ಬೆಲೆಗೆ ದಾವೆ ಹೂಡಲು ಮೂರು ವರ್ಷದ ಕಾಲಮಿತಿ, ಡಿಕ್ರಿ ಜಾರಿಗೆ ಹನ್ನೆರಡು ವರ್ಷ. ಡಿಕ್ರಿಗೆ ಮುಂಚೆಯೇ ಜಪ್ತಿ ಮಾಡಿಸಲು 38ನೇ ಆದೇಶದಲ್ಲಿ ಅವಕಾಶವಿದೆ, ಆದರೆ ಸುಲಭವಲ್ಲ. ಡಿಕ್ರಿಯನ್ನು ತಪ್ಪಿಸುವ ಉದ್ದೇಶದಿಂದಲೇ ಪ್ರತಿವಾದಿ ಆಸ್ತಿ ಸಾಗಿಸುತ್ತಿದ್ದಾರೆ ಎಂದು ತೋರಿಸಬೇಕು. ಭದ್ರತೆಯಿಲ್ಲದ ಸಾಲವನ್ನು ಈ ದಾರಿಯಿಂದ ಭದ್ರತೆಯುಳ್ಳ ಸಾಲವಾಗಿ ಮಾಡಿಕೊಳ್ಳುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ 2007ರ ತೀರ್ಪು.

ಸಿಯಾಲ್ದಾ ಕೋರ್ಟಿನ ಡಿಕ್ರಿ ಕುಂದಾಪುರದ ಪಾಸ್‌ಬುಕ್ಕಿಗೆ ಮುಟ್ಟುತ್ತದೆಯೇ? ಮುಟ್ಟುತ್ತದೆ, ಆದರೆ ಸುತ್ತಿ ಬರಬೇಕು. ತನ್ನ ವ್ಯಾಪ್ತಿಯ ಹೊರಗಿನ ಆಸ್ತಿಯ ಮೇಲೆ ಕೋರ್ಟು ತಾನೇ ಡಿಕ್ರಿ ಜಾರಿ ಮಾಡುವಂತಿಲ್ಲವೆಂದು 39ನೇ ಸೆಕ್ಷನ್ನಿಗೆ 2002ರ ತಿದ್ದುಪಡಿಯಲ್ಲಿ ನಾಲ್ಕನೇ ಉಪಖಂಡ ಸೇರಿತು. ವ್ಯಾಪಾರಿಯು ಡಿಕ್ರಿಯನ್ನು ಕುಂದಾಪುರದ ಕೋರ್ಟಿಗೆ ವರ್ಗಾಯಿಸಿಕೊಂಡು ಅಲ್ಲಿ ಅರ್ಜಿ ಹಾಕಬೇಕು. ಇದರಿಂದ ತಡವಾಗುತ್ತದೆ, ತಪ್ಪುವುದಿಲ್ಲ. ಊರಿನ ಖಾತೆಯ ಸುದ್ದಿ ಕೋಲ್ಕತ್ತದವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೆಲವರು ನಗುವುದುಂಟು. ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಿ ಎಂದು ಕೋರ್ಟೇ ಕೇಳುತ್ತದೆ. ಆದೇಶವನ್ನು ಪಾಲಿಸದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸಕ್ಕೆ ಅವಕಾಶವಿದೆ. 2021ರಲ್ಲಿ ಸುಪ್ರೀಂ ಕೋರ್ಟು ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸೂಚಿಸುವಾಗ ಆಸ್ತಿ ವಿವರ ಕೇಳುವ ಈ ಕ್ರಮವನ್ನೂ ಒತ್ತಿ ಹೇಳಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಗನೊಬ್ಬನ ಹೆಸರಿನ ಡಿಕ್ರಿಗೆ ತಾಯಿ-ಮಗನ ಜಂಟಿ ಖಾತೆ ಸಿಗುತ್ತದೆಯೇ? ಬ್ಯಾಂಕ್ ಅಧಿಕಾರಿಗಳು ಓದಿಕೊಂಡು ಬಂದ ಪಾಠ ಹೀಗಿದೆ. ಒಬ್ಬರ ಹೆಸರಿನಲ್ಲಿ ಬಂದ ಗಾರ್ನಿಶೀ ಆದೇಶ ಅವರು ಇನ್ನೊಬ್ಬರ ಜೊತೆ ಇಟ್ಟಿರುವ ಜಂಟಿ ಖಾತೆಗೆ ತಾನಾಗಿ ಅನ್ವಯಿಸುವುದಿಲ್ಲ. ಇಬ್ಬರ ಹೆಸರಿನಲ್ಲೂ ಬಂದರೆ ಜಂಟಿ ಖಾತೆಗೂ ಅವರ ಪ್ರತ್ಯೇಕ ಖಾತೆಗಳಿಗೂ ಅನ್ವಯಿಸುತ್ತದೆ. ಇದರ ಬೇರು 1938ರ ಒಂದು ಇಂಗ್ಲಿಷ್ ತೀರ್ಪಿನಲ್ಲಿದೆ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಬ್ಯಾಂಕು ಕೊಡಬೇಕಾದ ಸಾಲವನ್ನು ಗಂಡನೊಬ್ಬನ ಸಾಲಕ್ಕೆ ತಿರುಗಿಸುವಂತಿಲ್ಲ ಎಂದು ಅಲ್ಲಿ ಹೇಳಲಾಗಿತ್ತು.

ಹಾಗೆಂದು ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. ವ್ಯಾಪಾರಿಯ ವಕೀಲರು ಜಂಟಿ ಖಾತೆಯ ನಂಬರನ್ನೇ ಅರ್ಜಿಯಲ್ಲಿ ಬರೆದು, ಇದರಲ್ಲಿರುವುದು ಮಗನ ಹಣ, ತಾಯಿಯದು ಹೆಸರು ಮಾತ್ರ ಎಂದು ವಾದಿಸಬಹುದು. ಕೋರ್ಟು ಆ ಖಾತೆಯ ಮೇಲೇ ತಡೆ ಹಾಕಿದರೆ ಬ್ಯಾಂಕು ಪಾಲಿಸಲೇಬೇಕು. ಆಗ ತಾಯಿಗೆ ಕಾನೂನು ಬಾಗಿಲು ತೆರೆದಿಟ್ಟಿದೆ. ಆ ಹಣ ಮೂರನೆಯವರದು ಎಂದು ಕಂಡುಬಂದರೆ ಅವರನ್ನು ಕರೆಸಿ ಹಕ್ಕು ಸ್ಥಾಪಿಸಲು ಹೇಳಬಹುದೆಂದು 46ಡಿ ನಿಯಮ ಹೇಳುತ್ತದೆ. ಜಪ್ತಿಯಾದ ಆಸ್ತಿಯ ಮೇಲೆ ತನ್ನ ಹಕ್ಕಿದೆ ಎಂದು ಅರ್ಜಿ ಹಾಕಲು ಅದೇ ಆದೇಶದ 58ನೇ ನಿಯಮವಿದೆ. ಅರ್ಜಿಯನ್ನು ತಾಯಿಯೇ ಹಾಕಬೇಕು, ಅದೂ ತಡಮಾಡದೆ. ಬೇಕೆಂದೇ ತಡಮಾಡಿದ್ದಾರೆ ಎಂದು ಕೋರ್ಟಿಗೆ ಅನ್ನಿಸಿದರೆ 58ರ ಅರ್ಜಿಯನ್ನು ಕೈಗೆತ್ತಿಕೊಳ್ಳದೆ ಇರಬಹುದು.

ಅಲ್ಲಿ ತಾಯಿ ಏನನ್ನು ತೋರಿಸಬೇಕು? 'ಯಾರಾದರೊಬ್ಬರು ಅಥವಾ ಬದುಕುಳಿದವರು' ಎಂಬ ಷರತ್ತಿನಿಂದ ಏನೂ ಸಾಬೀತಾಗುವುದಿಲ್ಲ. ಅದು ಯಾರಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯುತ್ತದೆ ಎನ್ನುವುದಕ್ಕೆ ಸಂಬಂಧಿಸಿದ ಮಾತು, ಒಡೆತನದ ಮಾತಲ್ಲ. 1928ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ಭಾರತದಿಂದ ಹೋದ ಪ್ರಕರಣದಲ್ಲಿ ಗಂಡನೊಬ್ಬ ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ ಇದೇ ಷರತ್ತಿನೊಂದಿಗೆ ಇಟ್ಟಿದ್ದ. ಹೆಸರು ಸೇರಿಸಿದ ಮಾತ್ರಕ್ಕೆ ಹೆಂಡತಿಗೆ ದಾನ ಕೊಟ್ಟ ಹಾಗಾಗುವುದಿಲ್ಲ, ದಾನದ ಉದ್ದೇಶ ಬೇರೆಯಾಗಿ ಸಾಬೀತಾಗಬೇಕು ಎಂದು ತೀರ್ಪಾಯಿತು. ಈ ಕತ್ತಿಗೆ ಎರಡೂ ಕಡೆ ಮೊನೆ. ನಮ್ಮ ಉದಾಹರಣೆಯ 3 ಲಕ್ಷದ ಎಫ್‌ಡಿಗೆ ಪೂರ್ತಿ ಹಣ ಗಂಡನ ಹೋಟೆಲಿನಿಂದಲೇ ಬಂದಿದ್ದರೆ, 'ಅರ್ಧ ನನ್ನದು' ಎಂದು ಹೆಂಡತಿ ಬರೀ ಹೆಸರು ತೋರಿಸಿ ಗೆಲ್ಲುವುದು ಕಷ್ಟ. ಅದೇ ನ್ಯಾಯದಿಂದ, ಕುಂದಾಪುರದ ಖಾತೆಯನ್ನು ತುಂಬಿಸಿದ್ದು ತಾಯಿಯ ಪಿಂಚಣಿಯಾದರೆ, ಮಗನ ಹೆಸರು ಸೇರಿದ ಕಾರಣಕ್ಕೆ ಅರ್ಧ ಮಗನದಾಗುವುದಿಲ್ಲ.

ಅಂದರೆ ಎಲ್ಲವೂ ಬಂದು ನಿಲ್ಲುವುದು ಪಾಸ್‌ಬುಕ್ಕಿನ ಜಮಾ ಕಾಲಂನಲ್ಲಿ. ಪ್ರತಿ ತಿಂಗಳು ಪಿಂಚಣಿ ಮಾತ್ರ ಜಮಾ ಆಗಿದ್ದರೆ ಐದು ನಿಮಿಷದ ಕೆಲಸ. ಅದರ ನಡುನಡುವೆ ಮಗ ಸಿಯಾಲ್ದಾದಿಂದ ಒಮ್ಮೆ ಐವತ್ತು ಸಾವಿರ, ಒಮ್ಮೆ ಎಂಬತ್ತು ಸಾವಿರ ಹಾಕಿ, ತಂಗಿಯ ಮದುವೆಗೆಂದು ತೆಗೆದು, ಮತ್ತೆ ಹಾಕಿದ್ದರೆ ಯಾವ ರೂಪಾಯಿ ಯಾರದೆಂದು ಬಿಡಿಸಲು ಚಾರ್ಟರ್ಡ್ ಅಕೌಂಟೆಂಟರೇ ಬೆವರಬೇಕು.

ಪಿಂಚಣಿಯ ವಿಷಯದಲ್ಲಿ ಇನ್ನೊಂದು ಮಾತು. ಮಗನ ಸಾಲಕ್ಕೆ ತಾಯಿ ಜಾಮೀನು ಸಹಿ ಹಾಕಿದ್ದರೆ ಆಗ ತಾಯಿಯೇ ಸಾಲಗಾರರ ಸಾಲಿನಲ್ಲಿ ನಿಲ್ಲುತ್ತಾರೆ. ಆದರೂ ಸಿವಿಲ್ ಸಂಹಿತೆಯ 60ನೇ ಸೆಕ್ಷನ್ ಪಿಂಚಣಿ, ಗ್ರಾಚುಟಿಗಳನ್ನು ಡಿಕ್ರಿಯ ಜಪ್ತಿಯಿಂದ ಹೊರಗಿಟ್ಟಿದೆ. ನಿವೃತ್ತಿಯ ಹಣ ಎಫ್‌ಡಿ ಆಗಿ ಬದಲಾದ ಮಾತ್ರಕ್ಕೆ ಆ ರಕ್ಷಣೆ ಹೋಗುವುದಿಲ್ಲವೆಂದು 2008ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಲ್ಲಿಯೂ ಈ ಎಫ್‌ಡಿ ಆ ಹಣದ್ದೇ ಎಂದು ತೋರಿಸುವ ಭಾರ ನಮ್ಮದು. ಪಿಪಿಎಫ್ ಖಾತೆಯನ್ನೂ ಖಾತೆದಾರರ ಸಾಲಕ್ಕಾಗಿ ಕೋರ್ಟಿನ ಡಿಕ್ರಿಯಿಂದ ಜಪ್ತಿ ಮಾಡುವಂತಿಲ್ಲ. ಅದರಲ್ಲಿ ಜಂಟಿ ಖಾತೆಗೆ ಅವಕಾಶವೇ ಇಲ್ಲದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ.

ತೆರಿಗೆ ಇಲಾಖೆಯ ದಾರಿ ಬೇರೆ

ಇಲ್ಲಿಯವರೆಗಿನ ಮಾತು ಖಾಸಗಿ ಬಾಕಿಗೆ. ಸರ್ಕಾರದ ಬಾಕಿ ಬಂದಾಗ ಡಿಕ್ರಿ ಬೇಕಿಲ್ಲ, ಒಂದು ನೋಟಿಸ್ ಸಾಕು. 1961ರ ಆದಾಯ ತೆರಿಗೆ ಕಾಯ್ದೆಯ 226(3) ನೇರವಾಗಿ ಬ್ಯಾಂಕಿಗೆ ಬರೆಯುವ ಅಧಿಕಾರ ಕೊಟ್ಟಿತು, ಜಂಟಿ ಖಾತೆಯನ್ನು ಹೆಸರು ಹಿಡಿದೇ ಕರೆಯಿತು. ಬಾಕಿದಾರರು ಇನ್ನೊಬ್ಬರ ಜೊತೆ ಜಂಟಿಯಾಗಿ ಇಟ್ಟ ಹಣಕ್ಕೂ ನೋಟಿಸ್ ಕೊಡಬಹುದು, ಬೇರೆ ರೀತಿ ಸಾಬೀತಾಗುವವರೆಗೆ ಎಲ್ಲರ ಪಾಲೂ ಸಮ ಎಂದು ಭಾವಿಸತಕ್ಕದ್ದು ಎಂಬುದು ಅದರ ಸಾರ. 1 ಏಪ್ರಿಲ್ 2026 ಜಾರಿ ದಿನಾಂಕವಾಗಿರುವ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆದ್ದರಿಂದ ನೋಟಿಸ್ ಬಂದಾಗ ಯಾವ ಕಾಯ್ದೆಯ ಕೆಳಗೆ ಬಂದಿದೆ ಎಂದು ಮೊದಲು ನೋಡಿಕೊಳ್ಳಿ.

ಲೆಕ್ಕ ಹಾಕಿ ನೋಡೋಣ. ಕುಂದಾಪುರದ ಖಾತೆಯಲ್ಲಿ 6,40,000. ತಾಯಿ, ಮಗ ಇಬ್ಬರು. ಮಗನ ಪಾಲು 3,20,000 ಎಂದು ಇಲಾಖೆ ಭಾವಿಸಿಕೊಳ್ಳುತ್ತದೆ. ವಾಸ್ತವದಲ್ಲಿ 5,10,000 ತಾಯಿಯ ಪಿಂಚಣಿಯ ಉಳಿತಾಯ, ಮಗನದು 1,30,000 ಮಾತ್ರ ಎಂದಿಟ್ಟುಕೊಳ್ಳಿ. ತಾಯಿ ಸುಮ್ಮನಿದ್ದರೆ ಅವರ 1,90,000 ಮಗನ ತೆರಿಗೆಗೆ ಜಮಾ ಆಗುತ್ತದೆ. ಕಾಗದ ಹಿಡಿದು ಹೋದರೆ ಉಳಿಯುತ್ತದೆ. ನೋಟಿಸಿನ ನಕಲನ್ನು ಎಲ್ಲ ಜಂಟಿ ಖಾತೆದಾರರಿಗೂ ಕಳಿಸಬೇಕೆಂದು ಅದೇ ಸೆಕ್ಷನ್ ಹೇಳಿದೆ. ಊರಿಗೆ ಬಂದ ಇಂಗ್ಲಿಷ್ ಲಕೋಟೆಯನ್ನು 'ಮಗ ಬಂದಾಗ ನೋಡಿಕೊಳ್ಳಲಿ' ಎಂದು ದೇವರ ಪಟದ ಹಿಂದೆ ಸಿಕ್ಕಿಸಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಈ ಒಂದು ಲಕೋಟೆಯ ಮಟ್ಟಿಗೆ ಆ ಅಭ್ಯಾಸ ದುಬಾರಿ.

ಕೋರ್ಟಿನ ಆದೇಶಕ್ಕೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಗಾರ್ನಿಶೀ ಆದೇಶ ಸಾಮಾನ್ಯವಾಗಿ ಅದು ತಲುಪಿದ ಗಳಿಗೆಯಲ್ಲಿ ಖಾತೆಯಲ್ಲಿದ್ದ ಹಣವನ್ನು ಹಿಡಿಯುತ್ತದೆ. ತೆರಿಗೆಯ ನೋಟಿಸ್ ಮುಂದೆ ಬರುವ ಹಣವನ್ನೂ ಹಿಡಿಯುತ್ತದೆ. ಬರುವ ತಿಂಗಳ ಪಿಂಚಣಿ ಜಮಾ ಆದರೆ ಅದೂ ಸಿಕ್ಕಿಬೀಳಬಹುದು. ಪ್ರಾವಿಡೆಂಟ್ ಫಂಡಿನ 1952ರ ಕಾಯ್ದೆಯ 8ಎಫ್, ಇಎಸ್‌ಐ ಕಾಯ್ದೆಯ 45ಜಿ ಸೆಕ್ಷನ್ನುಗಳಲ್ಲೂ ಜಂಟಿ ಖಾತೆಯ ಬಗ್ಗೆ ಇದೇ ಸಮಪಾಲಿನ ಮಾತು ಇತ್ತು. ಕಾರ್ಮಿಕರ ವಂತಿಗೆ ಬಾಕಿ ಇಟ್ಟುಕೊಂಡ ಹೋಟೆಲ್‌ಗಳಿಗೆ ಇದರ ರುಚಿ ಗೊತ್ತು. ಆ ಕಾಯ್ದೆಗಳ ಜಾಗಕ್ಕೆ ತಂದ 2020ರ ಸಾಮಾಜಿಕ ಭದ್ರತಾ ಸಂಹಿತೆ 21 ನವೆಂಬರ್ 2025ರಂದು ಜಾರಿಗೆ ಬಂತು.

ಜಿಎಸ್‌ಟಿ ಇನ್ನೂ ಬೇಗ. 2017ರ ಕಾಯ್ದೆಯ 79ನೇ ಸೆಕ್ಷನ್ ಬಾಕಿ ಖಚಿತವಾದ ಮೇಲೆ ಬ್ಯಾಂಕಿನಿಂದ ವಸೂಲಿಗೆ, 83ನೇ ಸೆಕ್ಷನ್ ಬಾಕಿ ಖಚಿತವಾಗುವ ಮೊದಲೇ ಖಾತೆಯನ್ನು ತಾತ್ಕಾಲಿಕವಾಗಿ ಜಪ್ತಿ ಮಾಡಲು. ತಾತ್ಕಾಲಿಕ ಜಪ್ತಿಯ ಆಯಸ್ಸು ಒಂದು ವರ್ಷ. ಈ ಅಧಿಕಾರ ಬಹಳ ಕಠೋರವಾದದ್ದು, ಸರ್ಕಾರದ ಹಿತ ಕಾಯಲು ಅನಿವಾರ್ಯ ಎಂಬುದಕ್ಕೆ ಕೈಯಲ್ಲಿ ಆಧಾರವಿದ್ದಾಗ ಮಾತ್ರ ಬಳಸಬೇಕು ಎಂದು 2021ರಲ್ಲಿ ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿದೆ.

ಇದೇ ಸಂದರ್ಭದಲ್ಲಿ ಕ್ಯೂಆರ್ ಕೋಡಿನ ವಿಷಯ ಹೇಳಿಬಿಡುತ್ತೇವೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಬೀದಿಗಿಳಿಯುವ ಮಾತಾಡಿದ್ದು ಎಲ್ಲರಿಗೂ ನೆನಪಿದೆ. ಕ್ಯಾಷ್ ಕೌಂಟರಿನ ಕೋಡನ್ನು ಹೆಂಡತಿಯ ಅಥವಾ ತಾಯಿಯ ಜಂಟಿ ಖಾತೆಗೆ ಜೋಡಿಸುವವರಿದ್ದಾರೆ. ಹಾಗೆ ಮಾಡಿದ ದಿನದಿಂದ ಆ ಖಾತೆ ಮನೆಯ ಖಾತೆಯಾಗಿ ಉಳಿಯುವುದಿಲ್ಲ. ಪ್ರತಿ ಮಸಾಲೆ ದೋಸೆಯ ಜಮಾವೂ ಅದು ವ್ಯಾಪಾರದ ಹಣ ಎಂದು ಸಾಕ್ಷಿ ಹೇಳುತ್ತದೆ. ಗಿರಾಕಿಯೊಬ್ಬ ಮೋಸದ ಹಣದಲ್ಲಿ ಬಿಲ್ ಕೊಟ್ಟಿದ್ದರೆ ಬೇರೆ ರಾಜ್ಯದ ಪೊಲೀಸರ ಸೂಚನೆಯ ಮೇಲೆ ಖಾತೆಗೆ ತಡೆ ಬೀಳುವುದೂ ಉಂಟು. ವಿವಾದದ ಮೊತ್ತಕ್ಕೆ ಮಾತ್ರ ತಡೆ ಹಾಕಿ ಎಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿತು. ಅಂಥ ತಡೆ ಹೋಟೆಲಿನ ಖಾತೆಗೆ ಬಿದ್ದರೆ ವ್ಯಾಪಾರದ ತಾಪತ್ರಯ, ಅಮ್ಮನ ಔಷಧಿಯ ಹಣದ ಖಾತೆಗೆ ಬಿದ್ದರೆ ಮನೆಯ ತಾಪತ್ರಯ.

ನೋಟಿಸಿನ ವಾಸನೆ ಬಂದ ಮೇಲೆ ಹಣವನ್ನು ಬೇರೆಯವರ ಹೆಸರಿಗೆ ಸರಿಸುವ ಉಪಾಯವನ್ನು ನಾವು ಯಾರಿಗೂ ಹೇಳುವುದಿಲ್ಲ. ತೆರಿಗೆ ಪ್ರಕ್ರಿಯೆ ನಡೆಯುತ್ತಿರುವಾಗ ಮಾಡಿದ ಅಂಥ ವರ್ಗಾವಣೆ ಇಲಾಖೆಯ ಬಾಕಿಯ ಎದುರಿಗೆ ಶೂನ್ಯವೆಂದು 1961ರ ಕಾಯ್ದೆಯ 281ನೇ ಸೆಕ್ಷನ್ ಹೇಳಿತು, ಅದರಲ್ಲಿ ಬ್ಯಾಂಕ್ ಎಫ್‌ಡಿಯ ಹೆಸರನ್ನೂ ಬರೆದಿತ್ತು. ಜಿಎಸ್‌ಟಿಯಲ್ಲಿ ಅದೇ ಕೆಲಸಕ್ಕೆ 81ನೇ ಸೆಕ್ಷನ್ ಇದೆ.

ಬ್ಯಾಂಕೇ ಸಾಲ ಕೊಟ್ಟಾಗ

ಸಾಲ ಕೊಟ್ಟದ್ದೂ ಹಣ ಇಟ್ಟುಕೊಂಡದ್ದೂ ಒಂದೇ ಬ್ಯಾಂಕಾದರೆ ಅದು ಕೋರ್ಟಿಗೆ ಹೋಗಬೇಕಾಗಿಲ್ಲ, ತನ್ನಲ್ಲಿರುವ ಠೇವಣಿಯನ್ನು ಬಾಕಿಗೆ ಹೊಂದಿಸಿಕೊಳ್ಳಬಹುದು. ಆದರೆ ಸಾಲಗಾರನೂ ಠೇವಣಿದಾರನೂ ಅದೇ ಹಕ್ಕಿನಲ್ಲಿ ಒಂದೇ ವ್ಯಕ್ತಿಯಾಗಿರಬೇಕು. ಮಗನೊಬ್ಬನ ಸಾಲಕ್ಕೆ ತಾಯಿ-ಮಗನ ಜಂಟಿ ಠೇವಣಿ ಈ ಅಳತೆಗೆ ಸೇರುವುದಿಲ್ಲ. ಜಂಟಿ ಎಫ್‌ಡಿಯನ್ನು ಒಬ್ಬರೇ ಅಡವಿಟ್ಟರೆ, ಒಪ್ಪಿಗೆ ಕೊಡದ ಇನ್ನೊಬ್ಬರನ್ನು ಅದು ಕಟ್ಟಿಹಾಕುವುದಿಲ್ಲ ಎಂಬ ತತ್ವ 2004ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಆದ್ದರಿಂದಲೇ ಈಗ ಸಾಲದ ಕಾಗದಗಳ ಕಟ್ಟಿನಲ್ಲಿ ಎಲ್ಲ ಹೆಸರಿನವರ ಸಹಿಯನ್ನೂ ಬ್ಯಾಂಕುಗಳು ಕೇಳುತ್ತವೆ. ಹೆಂಡತಿ, ತಾಯಿ ಎಲ್ಲಿ ಸಹಿ ಹಾಕುತ್ತಿದ್ದಾರೆ ಎಂದು ಓದಿ ಹೇಳುವುದು ನಮ್ಮ ಕರ್ತವ್ಯ. ಆ ಒಂದು ಸಹಿಯಿಂದ ಮೇಲೆ ಹೇಳಿದ ರಕ್ಷಣೆ ಮುಗಿಯುತ್ತದೆ.

ಬ್ಯಾಂಕುಗಳ ವಿಲೀನದಿಂದ ಆದ ಒಂದು ಬದಲಾವಣೆಯನ್ನು ಬಹಳ ಮಂದಿ ಗಮನಿಸಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1 ಏಪ್ರಿಲ್ 2020ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ, ಕೋಲ್ಕತ್ತದ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸೇರಿದವು. ಕೋಲ್ಕತ್ತದ ಸಿಂಡಿಕೇಟ್ ಶಾಖೆಯಲ್ಲಿ ಸಾಲ, ಊರಿನ ಕೆನರಾ ಶಾಖೆಯಲ್ಲಿ ಒಬ್ಬರ ಹೆಸರಿನ ಠೇವಣಿ ಎಂದು ಬೇರೆ ಬೇರೆ ಇಟ್ಟಿದ್ದವರಿಗೆ ಈಗ ಎರಡೂ ಒಂದೇ ಬ್ಯಾಂಕು.

ಪಾಲುದಾರಿಕೆಯ ಖಾತೆ

ಬೆಂಗಳೂರಿನ ದರ್ಶಿನಿಗೆ ಬರೋಣ. ಇಲ್ಲಿ ಕಾನೂನು ಸ್ಪಷ್ಟ. ಪಾಲುದಾರನೊಬ್ಬನ ಸ್ವಂತ ಸಾಲದ ಡಿಕ್ರಿಗೆ ಫರ್ಮಿನ ಆಸ್ತಿಯನ್ನು ಜಪ್ತಿ ಮಾಡುವಂತಿಲ್ಲವೆಂದು 21ನೇ ಆದೇಶದ 49ನೇ ನಿಯಮ ಹೇಳುತ್ತದೆ. ಕೋಲೆ ಮಾರ್ಕೆಟ್ಟಿನ ವ್ಯಾಪಾರಿ ದರ್ಶಿನಿಯ ಖಾತೆಗೆ ಕೈ ಹಾಕುವಂತಿಲ್ಲ. ಆ ಪಾಲುದಾರನ ಪಾಲು ಮತ್ತು ಲಾಭದ ಮೇಲೆ ಕೋರ್ಟಿನಿಂದ ಹೊಣೆ ಬರೆಸಬಹುದು, ರಿಸೀವರನ್ನು ನೇಮಿಸಲು ಕೇಳಬಹುದು. ಭಾವನಿಗೆ ಆ ಪಾಲನ್ನು ಬಿಡಿಸಿಕೊಳ್ಳುವ, ಮಾರಾಟಕ್ಕೆ ಬಂದರೆ ಕೊಳ್ಳುವ ಅವಕಾಶವೂ ಇದೆ.

ತಿರುವು ಹಾಕಿದರೆ ಚಿತ್ರ ಬದಲಾಗುತ್ತದೆ. ದರ್ಶಿನಿಯೇ ಬಾಕಿ ಬಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪ್ರತಿ ಪಾಲುದಾರನೂ ಇಡೀ ಸಾಲಕ್ಕೆ ಹೊಣೆ, ಸ್ವಂತ ಖಾತೆಯೂ ಜವಾಬು ಹೇಳಬೇಕು. ಲೆಕ್ಕಕ್ಕೆ ಅನುಕೂಲವೆಂದು ಹೆಂಡತಿಯನ್ನೋ ಅತ್ತಿಗೆಯನ್ನೋ ಪಾಲುದಾರರೆಂದು ಬರೆಸುವ ಪದ್ಧತಿ ನಮ್ಮಲ್ಲಿ ಹಳೆಯದು. ಒಮ್ಮೆಯೂ ಅಡುಗೆಮನೆ ಕಾಣದ ಆ ಹೆಣ್ಣುಮಕ್ಕಳ ಚಿನ್ನದ ಸಾಲ, ಎಫ್‌ಡಿ ಎಲ್ಲವೂ ಅದರೊಂದಿಗೆ ಪಣಕ್ಕೆ ಬೀಳುತ್ತವೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇದು ನಮಗೆ ಸರಿ ಕಾಣುವುದಿಲ್ಲ. ಪಾಲು ಬಿಟ್ಟು ಹೊರಬಂದವರು ಜಿಎಸ್‌ಟಿ ಕಾಯ್ದೆಯ 90ನೇ ಸೆಕ್ಷನ್ನನ್ನೂ ನೆನಪಿಡಬೇಕು. ನಿವೃತ್ತಿಯಾದ ಒಂದು ತಿಂಗಳೊಳಗೆ ಕಮಿಷನರಿಗೆ ಲಿಖಿತ ಸೂಚನೆ ಹೋಗದಿದ್ದರೆ, ಅದು ತಲುಪುವ ದಿನದವರೆಗಿನ ಬಾಕಿಗೂ ಅವರು ಹೊಣೆ.

ಅವಿಭಕ್ತ ಕುಟುಂಬದ ಖಾತೆಯ ಬಗ್ಗೆ ಚುಟುಕಾಗಿ ಹೇಳುವುದಾದರೆ, ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣಕ್ಕೆ ಮಕ್ಕಳ ಮೇಲೆ ಹೋಗುವ ಹಕ್ಕು, 9 ಸೆಪ್ಟೆಂಬರ್ 2005ರಿಂದ ಈಚೆಗಿನ ಸಾಲಗಳಿಗೆ ಇಲ್ಲ. ಕುಟುಂಬದ ವ್ಯಾಪಾರಕ್ಕೆಂದೇ ಕರ್ತಾ ಮಾಡಿದ ಸಾಲ ಬೇರೆ, ಅದಕ್ಕೆ ಕುಟುಂಬದ ಹಣ ಸಿಗುತ್ತದೆ.

ಚೆಕ್ ಬೌನ್ಸ್ ಬಗ್ಗೆ ಸದಸ್ಯರು ಹೆಚ್ಚಾಗಿ ಕೇಳುತ್ತಾರೆ. ಜಂಟಿ ಖಾತೆಯ ಚೆಕ್ಕಿಗೆ ಗಂಡನೊಬ್ಬನೇ ಸಹಿ ಹಾಕಿದ್ದರೆ 138ನೇ ಸೆಕ್ಷನ್ ಕೆಳಗೆ ಹೆಂಡತಿಯ ಮೇಲೆ ಕೇಸು ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪು ಕೊಟ್ಟಿತು, 2021ರಲ್ಲಿ ಇನ್ನೊಂದು ಪ್ರಕರಣದಲ್ಲಿಯೂ ಸಹಿ ಹಾಕದವರನ್ನು ಬಿಟ್ಟಿತು. ಹೆದರಿಸಲೆಂದೇ ಇಬ್ಬರ ಹೆಸರಿಗೂ ಲಾಯರ್ ನೋಟಿಸ್ ಬರುತ್ತದೆ. ಹೆದರದೆ ಅದಕ್ಕೆ ಉತ್ತರ ಕೊಡಿ.

ಕುಂದಾಪುರದ ತಾಯಿ ಏನು ಮಾಡಬೇಕು

ತಡೆ ಬಿದ್ದಾಗ ಅವರ ಕೈಯಲ್ಲಿ ಇರಬೇಕಾದದ್ದು ಪಿಂಚಣಿ ಮಂಜೂರಾತಿ ಆದೇಶ, ಖಾತೆ ತೆರೆದಂದಿನಿಂದ ಇಂದಿನವರೆಗಿನ ಸ್ಟೇಟ್‌ಮೆಂಟು, ಎಫ್‌ಡಿಗೆ ಹಣ ಯಾವ ಖಾತೆಯಿಂದ ಹೋಯಿತು ಎಂಬ ದಾಖಲೆ, ಜಾಗ ಮಾರಿದ ಹಣವಿದ್ದರೆ ಕ್ರಯಪತ್ರದ ನಕಲು. ಹಳೆಯ ಸ್ಟೇಟ್‌ಮೆಂಟು ಬ್ಯಾಂಕಿನಿಂದ ಸಿಗಲು ತಡವಾಗಬಹುದು, ವಿಲೀನವಾದ ಬ್ಯಾಂಕಾದರೆ ಇನ್ನೂ ತಡ. ಆದ್ದರಿಂದ ತುಂಬಿದ ಪಾಸ್‌ಬುಕ್ಕುಗಳನ್ನು ಎಸೆಯಬೇಡಿ.

ತಡೆ ಬೀಳುವ ಮೊದಲೇ ಯೋಚಿಸುವವರಿಗೆ ಇನ್ನೂ ಸರಳವಾದ ದಾರಿ ಇದೆ. ಮಗನ ಹೆಸರನ್ನು ಖಾತೆಗೆ ಸೇರಿಸುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ತಾಯಿಗೆ ಬ್ಯಾಂಕಿಗೆ ಹೋಗಲು ಆಗದಿದ್ದಾಗ ಮಗ ಹಣ ತೆಗೆಯಲಿ ಎಂದು, ಅವರ ನಂತರ ಹಣ ಸುಲಭವಾಗಿ ಸಿಗಲಿ ಎಂದು. ಮೊದಲನೆಯದಕ್ಕೆ ಒಡೆತನವಿಲ್ಲದೆ ಖಾತೆ ನಡೆಸುವ ಅಧಿಕಾರ ಪತ್ರ, ಅಂದರೆ ಮ್ಯಾಂಡೇಟ್, ಸಾಕು. ಎರಡನೆಯದಕ್ಕೆ ನಾಮನಿರ್ದೇಶನ ಸಾಕು, 1 ನವೆಂಬರ್ 2025ರಿಂದ ಒಂದು ಖಾತೆಗೆ ನಾಲ್ವರವರೆಗೆ ಹೆಸರು ಕೊಡಬಹುದು. ಮಗನ ಹೆಸರು ಈಗಾಗಲೇ ಖಾತೆಯಲ್ಲಿದ್ದರೆ ಅದನ್ನು ತೆಗೆಸಲು ಇಬ್ಬರ ಸಹಿಯೂ ಬೇಕಾಗುತ್ತದೆ. ದೀಪಾವಳಿಗೋ ಕೋಲಕ್ಕೋ ಊರಿಗೆ ಹೋದಾಗ ಮೊದಲ ಕೆಲಸದ ದಿನ ಬ್ಯಾಂಕಿಗೆ ಹೋದರೆ, ರೈಲು ಹತ್ತುವ ಮೊದಲು ಮುಗಿಯುವ ಕೆಲಸ ಅದು.